ಘಾಟಿ ಹತ್ತಿ ಬಂದ ಅಂಜಲ್

ಸಮುದ್ರದಲ್ಲಿ ಹಿಡಿದು ಹೆಪ್ಪುಗಟ್ಟಿಸಿದ ಅಂಜಲ್ ಮೀನನ್ನು ಫೋನಿನಲ್ಲಿ ಆರ್ಡರ್ ಮಾಡಿ, ಘಟ್ಟದ ಮೇಲಿನ ಮೇಳಿಗೆಯ ನಮ್ಮ ಮನೆಗೇ ತರಿಸಿದ್ದೆ. ಪೆಟ್ಟಿಗೆ ತಂದವನನ್ನು ಅತ್ತೆ ಬಾಗಿಲಲ್ಲೇ ತಡೆದರು.

"ಆಗುಂಬೆ ಘಾಟಿ ಹತ್ತುವಾಗ ಮೀನಿನ ಜೊತೆ ಇದ್ಲು ಇಟ್ಟಿದ್ಯಾ ಮಾರಾಯ?"

"ಇಲ್ಲಮ್ಮಾ, ಬರೀ ಐಸ್ ಇತ್ತು."

"ಹಂಗಾದ್ರೆ ರುಚಿನೆಲ್ಲ ಭೂತ ತಿಂದಿರ್ತದೆ. ನಾನಂತೂ ಮುಟ್ಟಲ್ಲ."

ಇದ್ದಿಲಿಲ್ಲದೆ ಘಾಟಿ ಹತ್ತಿದ ಮೀನಿನ ರುಚಿಯನ್ನು ಭೂತ ತಿನ್ನುತ್ತದೆ ಎಂಬ ಐತಿಹ್ಯವನ್ನು ನಾನು ನಂಬುವುದಿಲ್ಲ. ತುಂಡುಗಳು ಕಲ್ಲಿನಂತಿವೆಯೇ ಎಂದು ಒತ್ತಿ ನೋಡಿ, ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಿಸಿ, ಮರುದಿನ ನಾನೇ ಸಾರು ಮಾಡಿದೆ. ಪರಿಮಳಕ್ಕೆ ಅತ್ತೆ ತಾವಾಗಿಯೇ ತಟ್ಟೆ ಹಿಡಿದು ಬಂದರು. ಎರಡನೆಯ ತುಂಡನ್ನು ಕೇಳಿ ಹಾಕಿಸಿಕೊಂಡರು.

ಸಂಜೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: "ನಮ್ಮ ಸೊಸೆ ತರಿಸಿದ್ ಮೀನು ಕಣೆ, ಭೂತಾನೂ ಮುಟ್ಟಕ್ಕೆ ಹೆದರ್ತದೆ!"

ಈ ಹೊಸ ಐತಿಹ್ಯವನ್ನು ಮಾತ್ರ ನಾನು ತಿದ್ದಲು ಹೋಗಲಿಲ್ಲ.