ಬೊಚ್ಚುಬಾಯಿ ದೈತ್ಯನಿಗೆ ಹಲ್ಲು ಬಂದದ್ದು

ಹಲ್ಲುಸೆಟ್ಟು ಕಟ್ಟುವುದು ಅವನ ಕಸುಬು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಅವನದೊಂದು ಇಕ್ಕಟ್ಟಾದ ಕೋಣೆ. ಮದುವೆ ಆಗಿರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಅವನು ಹಲ್ಲುಮಾಮ. ಓದಿದ್ದು ಅಷ್ಟಕ್ಕಷ್ಟೇ; ಆದರೆ ಒಂದು ಪುಸ್ತಕವನ್ನು ಮಾತ್ರ ಅರೆದು ಕುಡಿದಿದ್ದ.

ಅದು ಬೊಚ್ಚುಬಾಯಿ ದೈತ್ಯನ ಕತೆ. ಹಲ್ಲಿಲ್ಲದ ದೈತ್ಯ ರಾಜನನ್ನು ಅಗಿಯಲಾಗದೆ ಇಡಿಯಾಗಿ ನುಂಗುತ್ತಾನೆ. ರಾಜ ಅವನ ಹೊಟ್ಟೆಯೊಳಗೇ ದೀಪ ಹಚ್ಚಿ ದರ್ಬಾರು ನಡೆಸಿ, ಕೊನೆಗೆ ದೈತ್ಯನನ್ನೇ ಮಂತ್ರಿ ಮಾಡಿಕೊಳ್ಳುತ್ತಾನೆ. ಚಿಕ್ಕಂದಿನಲ್ಲಿ ಅದನ್ನು ಓದಿಹೇಳಿದವಳು ಅಕ್ಕ. ಆಗ ಅವಳ ಮುಂದಿನ ಹಾಲುಹಲ್ಲುಗಳು ಉದುರಿದ್ದವು. “ಹೆದರಬೇಡಿ ಮಹಾಹ್ವಾಮಿ, ಹೊಟ್ಟೇಲಿ ಹುಖವಾಗಿರಿ” ಎಂದು ಅವಳು ಗಾಳಿ ಸೋರಿಸುತ್ತ ಓದಿದರೆ ತಮ್ಮ ಹಾಸಿಗೆ ತುಂಬ ಹೊರಳಾಡಿ ನಗುತ್ತಿದ್ದ.

ಇಬ್ಬರ ತಲೆಯೂ ನರೆತ ಮೇಲೆ ಆ ಪುಸ್ತಕ ಸಿನಿಮಾ ಆಯಿತು. ಅಕ್ಕ ತಮ್ಮ ಇಸ್ತ್ರಿ ಬಟ್ಟೆ ತೊಟ್ಟು ಮೊದಲ ಆಟಕ್ಕೇ ಹೋದರು. ಪರದೆಯ ಮೇಲೆ ದೈತ್ಯ ಬಾಯಿ ತೆರೆದ. ಒಳಗೆ ಎರಡು ಸಾಲು ಫಳಫಳ ಹೊಳೆಯುವ ಹಲ್ಲು!

“ಹಲ್ಲಿದ್ದೋನು ಯಾಕೋ ನುಂಗ್ತಾನೆ? ಅಗೀಬಾರ್ದಾ?” ಎಂದು ಹಲ್ಲುಮಾಮ ಎದ್ದುನಿಂತು ಕೂಗಿದ.

“ಕೂತ್ಕೊಳ್ರೀ!” ಎಂದಿತು ಹಿಂದಿನ ಸಾಲು.

ಕೂತ. ಆದರೆ ಹೊಟ್ಟೆಯೊಳಗೆ ರಾಜ ದೀಪ ಹಚ್ಚಿ, ದೈತ್ಯನ ಪಕ್ಕೆಲುಬುಗಳು ಅರಮನೆಯ ಕಮಾನುಗಳಂತೆ ಬೆಳಗಿದಾಗ ಅವನ ಕಣ್ಣಲ್ಲಿ ಗಳಗಳ ನೀರು. ಸಿಟ್ಟು ಮೊದಲು ಬಂತೋ ಅಳು ಮೊದಲು ಬಂತೋ, ಅವನಿಗೇ ತಿಳಿಯದು.

“ಎಷ್ಟು ಚೆನ್ನಾಗಿತ್ತಲ್ವೇನೋ!” ಅಂದಳು ಅಕ್ಕ, ಹೊರಗೆ ಬಂದು.

“ಕತೆ ಕುಲಗೆಡಿಸಿಬಿಟ್ರು ಕಣೇ.”

“ಮತ್ತೆ ನನ್ನ ಕರ್ಚೀಫು ಯಾಕೋ ಒದ್ದೆ ಮಾಡ್ದೆ?”

ಅಂದಿನಿಂದ ಸಿನಿಮಾ ಚೆನ್ನಾಗಿದೆ ಎಂದವರೊಡನೆ ಅವನದು ಜಗಳ. ಚೆನ್ನಾಗಿಲ್ಲ ಎಂದವರೊಡನೆ ಇನ್ನೂ ದೊಡ್ಡ ಜಗಳ. ಇಷ್ಟು ಸಾಲದೆಂಬಂತೆ ಊರಿನ ಮುದುಕರೆಲ್ಲ ದೈತ್ಯನ ಹಲ್ಲೇ ಬೇಕೆಂದು ಅಂಗಡಿಗೆ ಮುಗಿಬಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರರು ಗೋಡೆಯ ಪೋಸ್ಟರನ್ನೇ ಕಿತ್ತು ಸುರುಳಿ ಸುತ್ತಿ ತಂದು, “ಇದೇ ಸೈಜು” ಎಂದರು. ಹಲ್ಲುಮಾಮ ಅವರ ಬಾಯಿಗೆ ಅಚ್ಚಿನ ಪೇಸ್ಟು ತುಂಬಿ, ಅದು ಗಟ್ಟಿಯಾಗುವ ತನಕ ದೈತ್ಯನಿಗೆ ಹಲ್ಲು ಏಕಿರಬಾರದು ಎಂದು ಬುದ್ಧಿ ಹೇಳಿದ. ಪಾಪ, ಅವರು ಕಣ್ಣು ಮಿಟುಕಿಸಿ ಒಪ್ಪಿಕೊಂಡರು.

ಕೊನೆಗೆ ಅಕ್ಕನೇ ಬಂದಳು. ಅಳಿದುಳಿದ ಹಲ್ಲುಗಳನ್ನು ಡಾಕ್ಟರು ಕಿತ್ತುಹಾಕಿದ್ದರು, ಒಸಡೂ ಮಾಗಿತ್ತು.

“ನಂಗೂ ದೈತ್ಯನ ಹೆಟ್ಟೇ ಬೇಕು ಕಣೋ,” ಅಂದಳು.

ಹಲ್ಲುಮಾಮನ ಕೈಯಲ್ಲಿದ್ದ, ಸೆಟ್ಟು ಉಜ್ಜುವ ಅರ ಠಣ್ಣನೆ ಕೆಳಗೆ ಬಿತ್ತು. ಚಿಕ್ಕಂದಿನ ಅದೇ ದನಿ!

ಆ ಸೆಟ್ಟು ಮಾತ್ರ ಮುಗಿಯಲೇ ಇಲ್ಲ. ಒಮ್ಮೆ ಮೇಣ ಕರಗಿತೆಂದ, ಇನ್ನೊಮ್ಮೆ ಒಸಡಿನ ಬಣ್ಣ ಕೂಡಲಿಲ್ಲವೆಂದ. ಅಕ್ಕ ಬಂದಾಗಲೆಲ್ಲ, ದವಡೆ ಆಡುವುದನ್ನು ನೋಡಬೇಕೆಂದು ಕೂರಿಸಿ ಮಾತಾಡಿಸುವನು.

“ಸಂತೋಷದ ಸಂಸಾರ ಅನ್ನು.”

“ಹಂತೋಹದ ಹಂಹಾರ.”

ಅವನು ಗೋಡೆಗೆ ಮುಖ ಮಾಡಿ ಹೊಟ್ಟೆ ಹಿಡಿದುಕೊಂಡು ನಗುವನು.

ಒಂದು ದಿನ ಭಾವನೂ ಜೊತೆಗೆ ಬಂದರು. “ಏನಪ್ಪಾ, ಹಾಲು ಕುಡ್ದೂ ಕುಡ್ದೂ ನಿಮ್ಮಕ್ಕ ಗಾಳಿಗೆ ಹಾರೋ ಹಾಗಾಗಿದ್ದಾಳೆ!” ಎಂದು ರೇಗುತ್ತ ಕಪಾಟಿನ ಬಾಗಿಲು ಎಳೆದರೆ, ಒಳಗೆ ಎಂದೋ ಮುಗಿಸಿಟ್ಟ ಅಕ್ಕನ ಸೆಟ್ಟು ಲಕಲಕ ಹೊಳೆಯುತ್ತಿದೆ. ಹಲ್ಲುಮಾಮ ತಲೆ ತಗ್ಗಿಸಿ ಇದ್ದದ್ದನ್ನು ಇದ್ದಹಾಗೆ ಒಪ್ಪಿಕೊಂಡ: “ಆ ದನಿ ಮತ್ತೆ ಸಿಗಲ್ಲ ಅನ್ನಿಸ್ತು ಭಾವ.”

“ಹ್ವಾರ್ಥಿ!” ಎಂದು ಅಕ್ಕ ಗುಡುಗಿದಳು. ತಮ್ಮ ನಗು ತಡೆಯಲಾರದೆ ಕುರ್ಚಿಯ ಮೇಲೆ ಕುಸಿದ. ಅವಳು ಸೆಟ್ಟನ್ನು ಕಿತ್ತುಕೊಂಡು ಬಾಯಿಗೆ ಏರಿಸಿ, “ಸ್ವಾರ್ಥಿ! ಸೋಮಾರಿ! ಸುಳ್ಳುಬುರುಕ!” ಎಂದು ಸ್ಪಷ್ಟವಾಗಿ ಬೈದಳು. ಹಲ್ಲು ಎಷ್ಟು ದೊಡ್ಡದೆಂದರೆ ತುಟಿಗಳು ಸುಲಭಕ್ಕೆ ಮುಚ್ಚುತ್ತಿರಲಿಲ್ಲ. ಬೈಯುವಾಗಲೂ ನಕ್ಕಂತೆಯೇ ಕಾಣುತ್ತಿತ್ತು. ಸಣ್ಣದು ಕಟ್ಟಿಕೊಡುತ್ತೇನೆಂದರೆ, “ಮುಟ್ಟಿದ್ರೆ ನೋಡು” ಎಂದು ಹೊರಟುಹೋದಳು.

ಬಹಳ ದಿನ ಮಾತು ಬಿಟ್ಟಿದ್ದಳು. ಆಮೇಲೊಂದು ಮಧ್ಯಾಹ್ನ ಅವಳದೇ ಫೋನು.

“ಎರಡನೇ ಭಾಗ ಬರ್ತಿದೆಯಂತೆ ಕಣೋ. ದೈತ್ಯನಿಗೆ ಮದುವೆಯಂತೆ.”

“ಪುಸ್ತಕದಲ್ಲಿ ಹೆಂಡ್ತೀನೇ ಇಲ್ವಲ್ಲೇ! ಎಲ್ಲಿಂದ ತಂದ್ರು ಅವಳನ್ನ?”

“ಟಿಕೆಟ್ ತಗೊಳ್ಲೋ ಬೇಡ್ವೋ?”

ಹಲ್ಲುಮಾಮ ಸ್ವಲ್ಪ ಹೊತ್ತು ಹಲ್ಲು ಕಡಿದ. “ತಗೋ,” ಅಂದ. “ಆದ್ರೆ ಕೊನೇ ಸಾಲು ತಗೋ. ಹಿಂದೆ ಯಾರೂ ಇರಬಾರ್ದು.”