ಸಾತಾರ್‌ಕುಲನ ಸೋರುವ ಸೂರು

ದೂರದ ಹಿಮಬೆಟ್ಟಗಳ ನಾಡಿನ ನರೀನ್ ಪಟ್ಟಣದಿಂದ ಮೇಲಕ್ಕೆ ಹತ್ತಿದರೆ ಸಿಗುವ ಆ ಊರಿನಲ್ಲಿ ಸಾತಾರ್‌ಕುಲನಷ್ಟು ಮರ್ಯಾದಸ್ಥ ಇನ್ನೊಬ್ಬನಿರಲಿಲ್ಲ. ಈ ಮಾತು ಊರು ಹೇಳಿದ್ದಲ್ಲ, ಅವನೇ ಹೇಳಿದ್ದು. ಪ್ರಾಯವನ್ನೆಲ್ಲ ಊರವರ ಕುರಿ ಕಾಯ್ದು ಕಳೆದವನಿಗೆ, ಮುಪ್ಪಿನಲ್ಲಿ ಕಾಯುವುದಕ್ಕೆ ಉಳಿದದ್ದು ಆ ಮರ್ಯಾದೆಯೊಂದೇ.

ಅವನ ಮನೆಯ ದೊಡ್ಡ ಕೋಣೆಯ ತೊಲೆ ಬಾಗಿತ್ತು, ಮೇಲಿನ ಶೀಟು ಸೀಳಿತ್ತು. ಹೋದ ಚಳಿಗಾಲದಲ್ಲಿ ಹಿಮದ ಭಾರಕ್ಕೆ ಹಲಗೆಯೊಂದು ಕಳಚಿ ಮೊಮ್ಮಗಳ ತೊಟ್ಟಿಲಿನ ಪಕ್ಕದಲ್ಲೇ ಬಿದ್ದಿತ್ತು. ಅಂದಿನಿಂದ ಅವನ ಹೆಂಡತಿ ಬೂರುಲ್ಚಾ, ಬೆಕ್ಕು ಮರಿ ಸಾಗಿಸುವ ಹಾಗೆ ತೊಟ್ಟಿಲನ್ನು ಮೂಲೆಯಿಂದ ಮೂಲೆಗೆ ಸಾಗಿಸುತ್ತಲೇ ಇದ್ದಳು. ಆ ತೊಲೆ ಇನ್ನೊಂದು ಚಳಿಗಾಲ ತಾಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹಳೆ ಮನೆಗಳ ರಿಪೇರಿಗೆ ಸರ್ಕಾರ ಸಹಾಯಧನ ಕೊಡುತ್ತದೆಂಬ ಸುದ್ದಿ ಬಂದಾಗ ಊರಿಗೆ ಊರೇ ಅರ್ಜಿ ಹಾಕಿತು. ಬೂರುಲ್ಚಾ ಗಂಡನ ಬೆನ್ನು ಹತ್ತಿ ಹಾಕಿಸಿದಳು. ಜಿಲ್ಲೆಯ ಅಧಿಕಾರಿ ತುರುಸ್‌ಬೆಕ್ ಖುದ್ದಾಗಿ ಮನೆ ನೋಡಲು ಬರುತ್ತಾನೆಂದು ತಿಳಿದದ್ದೇ ತಡ, ಸಾತಾರ್‌ಕುಲನಿಗೆ ಮೈಮೇಲೆ ಬಂದಂತಾಯಿತು.

"ಲೇ, ಸುಣ್ಣ ಎಲ್ಲಿಟ್ಟಿದೀಯ?"

"ಸುಣ್ಣ ಯಾಕ್ರೀ? ಅವರು ಬರೋದೇ ಸೋರೋದನ್ನ ನೋಡೋಕೆ."

"ಅತಿಥಿ ಕಣೇ! ಬಂದ ಅತಿಥಿಗೆ ಮನೆ ತೂತು ತೋರಿಸ್ತಾರಾ? ನಮ್ಮಪ್ಪ ಮೇಲಿಂದ ನನ್ನ ಮುಖಕ್ಕೆ ಉಗೀತಾನೆ."

"ಉಗೀಲಿ ಬಿಡಿ. ಹೇಗೂ ಮೇಲಿಂದ ನೀರು ಬೀಳ್ತಾನೇ ಇದೆ."

ಅವನು ಕೇಳಲಿಲ್ಲ. ಸೂರಿನ ಮೇಲೆ ದಪ್ಪ ಉಣ್ಣೆಗಂಬಳಿ ಹೊದಿಸಿ ಕಲ್ಲು ಹೇರಿದ. ಒಳಗೆ ಸುಣ್ಣ ಬಳಿದ. ಪಕ್ಕದ ಮನೆಯ ಜುಮಾಶನ ರತ್ನಗಂಬಳಿಗಳನ್ನೆಲ್ಲ ಕೇಳಿ ತಂದು, ನೀರಿಳಿದ ಗೋಡೆಗಳಿಗೆ ನೇತುಹಾಕಿದ. ಇದ್ದೊಂದು ಕುರಿಯನ್ನೂ ಕಡಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆಯಿರಬೇಕು.

ತುರುಸ್‌ಬೆಕ್ ಬಂದ. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಸರಿಯಾಗಿ ಆ ಬಾಗಿದ ತೊಲೆಯ ಕೆಳಗೆ, ಅವನನ್ನು ಕೂರಿಸಿದರು. ದೊಡ್ಡ ಅತಿಥಿಗೇ ಸಲ್ಲುವ ಬೇಯಿಸಿದ ಕುರಿತಲೆ ಅವನ ಮುಂದೆ ಬಂತು. ಚಹಾ ಗುಟುಕು ಗುಟುಕಾಗಿ ಬಂತು. ಅಲ್ಲಿ ಅತಿಥಿಯ ಬಟ್ಟಲಿಗೆ ತಳ ಮುಚ್ಚುವಷ್ಟೇ ಚಹಾ ಹಾಕಿ ಮತ್ತೆ ಮತ್ತೆ ಕೊಡುವುದು ಪ್ರೀತಿ. ತುಂಬಿದ ಬಟ್ಟಲು ಮುಂದಿಟ್ಟರೆ 'ಇನ್ನು ಏಳಪ್ಪ' ಎಂದ ಹಾಗೆ. ಅಧಿಕಾರಿ ಮಾಂಸ ನೋಡಿದ, ರತ್ನಗಂಬಳಿ ನೋಡಿದ, ತಲೆಯೆತ್ತಿ ಮೇಲೆ ಮಾತ್ರ ನೋಡಲಿಲ್ಲ. ಹೊರಡುವಾಗ ಸಾತಾರ್‌ಕುಲ ತನ್ನ ಒಳ್ಳೆಯ ನಿಲುವಂಗಿಯನ್ನೇ ಅವನ ಹೆಗಲಿಗೆ ಹೊದಿಸಿದ. ಅಂತೂ ಪುಣ್ಯಾತ್ಮ ಉಂಡೂ ಹೋದ, ಕೊಂಡೂ ಹೋದ.

ಹೋಗುವ ದಾರಿಯಲ್ಲಿ ಜುಮಾಶನ ಮನೆಗೂ ಇಣುಕಿದ. ಅಲ್ಲಿ ಗೋಡೆ ಬೋಳು, ನೆಲ ಬೋಳು. ಹೆಂಡತಿ ಸಾತಾರ್‌ಕುಲನ ಮನೆಗೆ ಅಡುಗೆಗೆ ಹೋಗಿದ್ದರಿಂದ ಒಲೆ ತಣ್ಣಗಿತ್ತು, ಮಕ್ಕಳು ಒಣ ರೊಟ್ಟಿ ಕಡಿಯುತ್ತಿದ್ದರು. ಅಧಿಕಾರಿಯ ಕಣ್ಣಲ್ಲಿ ನೀರು ಬಂತಂತೆ. ಕುರಿ ತಿಂದ ಹೊಟ್ಟೆಗೆ ಕರುಣೆ ಬೇಗ ಬರುತ್ತದೆ.

ಫಲಿತಾಂಶ ಬಂದಾಗ ಸಾತಾರ್‌ಕುಲ 'ಅನುಕೂಲಸ್ಥ'ನಾಗಿದ್ದ. ಸಹಾಯಧನ ಜುಮಾಶನಿಗೆ ಸಿಕ್ಕಿತ್ತು. ಅವನೋ ಪಾಪ, ಮನಸಾರೆ ಸಾತಾರ್‌ಕುಲನ ಕೈ ಹಿಡಿದುಕೊಂಡ.

"ಅಣ್ಣಾ, ಎಲ್ಲಾ ನಿಮ್ಮ ಪುಣ್ಯ. ರತ್ನಗಂಬಳಿ ನಿಮಗೆ ಕೊಡದೇ ಇದ್ದಿದ್ರೆ ನಂಗೆಲ್ಲಿ ಸಿಗ್ತಿತ್ತು!"

ಸಾತಾರ್‌ಕುಲ ದೊಡ್ಡ ಮನಸ್ಸಿನಿಂದ ಹರಸಿದ. ಬೂರುಲ್ಚಾಳ ಹೊಟ್ಟೆ ಉರಿದುಹೋಯಿತು. ಮಾರನೆಯ ದಿನವೇ ಜಿಲ್ಲಾ ಕಚೇರಿಗೆ ಹೋಗಿ ತುರುಸ್‌ಬೆಕ್‌ನ ಮೇಜಿನ ಮುಂದೆ ನಿಂತಳು.

"ಸಾಹೇಬ್ರೇ, ನೀವು ನೋಡಿದ್ದು ಜುಮಾಶನ ರತ್ನಗಂಬಳಿ. ನಮ್ಮ ತೊಲೆ ನೋಡಿಲ್ಲ. ಇನ್ನೊಂದ್ಸಲ ಬನ್ನಿ."

ತೊಲೆಯ ನೆನಪು ಅವನಿಗಿರಲಿಲ್ಲ, ಕುರಿಯ ನೆನಪು ಚೆನ್ನಾಗಿತ್ತು. ಬರುತ್ತೇನೆಂದ.

ಅವನು ಬಂದ ದಿನ ಬೆಳಗಿನಿಂದ ಹಿಮ ಬೆರೆತ ಮಳೆ. ಸಾತಾರ್‌ಕುಲ ಮತ್ತೆ ಜುಮಾಶನ ರತ್ನಗಂಬಳಿ ತಂದು ಕಟ್ಟಿದ್ದ, ಕುರಿಯಿಲ್ಲದ್ದಕ್ಕೆ ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದಿದ್ದ. ಅತಿಥಿಯನ್ನು ಎದುರುಗೊಳ್ಳಲು ಅವನು ಬೇಲಿಯತ್ತ ಓಡಿದಾಗ, ಬೂರುಲ್ಚಾ ಹಿತ್ತಲಲ್ಲಿ ಏಣಿ ಹತ್ತಿ, ಕಲ್ಲುಗಳನ್ನು ಉರುಳಿಸಿ, ಸೂರಿನ ಮೇಲಿನ ಕಂಬಳಿಯನ್ನು ಎಳೆದು ಹಾಕಿದಳು. ಕೈ ಒರೆಸಿಕೊಂಡು ಒಳಗೆ ಬಂದು, ಎಂದಿನಂತೆ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಸುರಿದು ಅತಿಥಿಯ ಮುಂದಿಟ್ಟಳು.

ಟಪ್ ಎಂದು ಒಂದು ಹನಿ ಬಟ್ಟಲಿಗೆ ಬಿತ್ತು. ಹಿಂದೆಯೇ ಇನ್ನೊಂದು.

ಸಾತಾರ್‌ಕುಲನ ಮುಖ ಬಿಳಿಚಿತು. "ಅದು... ಬೆಕ್ಕು ಸಾಹೇಬ್ರೇ. ಮೇಲೆ ಬೆಕ್ಕು ಓಡಾಡ್ತಾ ಇದೆ." ಬಾಯಿಂದ ಬಿದ್ದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ತುರುಸ್‌ಬೆಕ್ ಬಟ್ಟಲನ್ನು ಮೆಲ್ಲಗೆ ದೂರ ತಳ್ಳಿದ.

ಗೌರವದ ಜಾಗ ಬಿಟ್ಟು ಸರಿದರೆ ಯಜಮಾನನಿಗೆ ಅವಮಾನ. ಹಾಗಾಗಿ ಅಧಿಕಾರಿ ಕೂತೇ ಇದ್ದ, ಹನಿ ಧಾರೆಯಾಗಿ ಟೋಪಿಯ ಮೇಲೆ, ಹೆಗಲ ಮೇಲೆ, ಕೋಳಿಯ ತಟ್ಟೆಗೆ ಸುರಿಯಿತು. ದೂರ ತಳ್ಳಿದ ಬಟ್ಟಲೂ ಅಂಚಿನವರೆಗೆ ತುಂಬಿ ತುಳುಕಿತು. ತುಂಬಿದ ಬಟ್ಟಲನ್ನು ಕಂಡ ತುರುಸ್‌ಬೆಕ್ ಕೆಂಪಾಗಿ ಬೂರುಲ್ಚಾಳನ್ನು ನೋಡಿದ.

"ನಾನು ತುಂಬಿಸಿದ್ದಲ್ಲ ಸಾಹೇಬ್ರೇ," ಎಂದಳು ಅವಳು. "ಈ ಸೂರು ನಮಗೆ ದಿನಾ ಹೇಳ್ತಾ ಇದೆ, ಎದ್ದು ಹೋಗಿ ಅಂತ. ಇವತ್ತು ನಿಮಗೂ ಹೇಳ್ತು."

ಆಗ ಅವನು ಮೊದಲ ಸಲ ತಲೆಯೆತ್ತಿ ಮೇಲೆ ನೋಡಿದ.

ಹೊಸ ತೊಲೆ ಬಂತು, ಹೊಸ ಶೀಟು ಬಂತು. ತನ್ನ ಅತಿಥಿಸತ್ಕಾರಕ್ಕೆ ಮೆಚ್ಚಿ ಸರ್ಕಾರವೇ ಮನೆ ರಿಪೇರಿ ಮಾಡಿಸಿಕೊಟ್ಟಿತೆಂದು ಸಾತಾರ್‌ಕುಲ ಇಂದಿಗೂ ಊರೆಲ್ಲ ಸಾರುತ್ತಾನೆ. ಬೂರುಲ್ಚಾ ಎದುರಾಡುವುದಿಲ್ಲ. ತೊಟ್ಟಿಲು ಈಗ ಒಂದೇ ಕಡೆ ನಿಂತಿದೆ.