ನಾಳೆ ಒಣಹವೆ

ಗೆಳೆಯರೇ, ಹವಾಮಾನದ ಪಾಠ ಮಾಡಿದ್ದಕ್ಕೆ ಇವತ್ತು ಬೈಸಿಕೊಂಡೆ.

ನ್ಯಾಮತಿ ಕಡೆಯ ಈ ಹಳ್ಳಿಯ ನಾಲ್ಕನೇ ಕ್ಲಾಸಿಗೆ ನಾನೇ ಟೀಚರ್. ರೇಡಿಯೋದ ಮುನ್ಸೂಚನೆಯನ್ನು ದಿನಾ ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ನಿಜವಾಯಿತೋ ಸುಳ್ಳಾಯಿತೋ ಎಂದು ಮಕ್ಕಳು ಮರುದಿನ ಹೇಳಬೇಕು. ನಿನ್ನೆ ‘ನಾಳೆ ಒಣಹವೆ’ ಎಂದು ಬರೆದಿದ್ದೆ. ನನ್ನ ಕ್ಲಾಸಿನ ರತ್ನಿ ಅದನ್ನು ಮನೆಯಲ್ಲಿ ಹೇಳಿದಳು. ಅವಳ ಅಮ್ಮ ಗಂಗಮ್ಮ ನಂಬಿ ಇವತ್ತು ಸಂಡಿಗೆ ಇಟ್ಟರು. ಮಧ್ಯಾಹ್ನ ಮಳೆ ಹೊಡೆಯಿತು.

ಶಾಲೆ ಬಿಟ್ಟ ಮೇಲೆ, ನೆಂದ ಸಂಡಿಗೆಯ ಮೊರ ಹಿಡಿದು ಗಂಗಮ್ಮ ನನ್ನ ಬಾಡಿಗೆ ಕೋಣೆಗೇ ಬಂದರು.

“ಏನ್ ಟೀಚರ್ರೇ, ಒಣಹವೆ ಅಂತ ನಮ್ಮ ಹುಡುಗೀಗೆ ಹೇಳಿದ್ದು ನೀವೇನ್ರೀ?”

“ಮುನ್ಸೂಚನೆ ಅಂದ್ರೆ ಅಂದಾಜು ಗಂಗಮ್ಮ. ಮಳೆ ಬರಬಹುದು, ಬರದೇನೂ ಇರಬಹುದು.”

“ಅಷ್ಟು ಹೇಳಾಕೆ ರೇಡಿಯೋ ಯಾಕ್ರೀ ಬೇಕು? ನಮ್ಮ ಎಮ್ಮೆನೂ ಹೇಳತೈತೆ!”

ಹೊರಟರು. ಅಷ್ಟರಲ್ಲಿ ಮತ್ತೆ ಮಳೆ. ವಿಧಿಯಿಲ್ಲದೆ ಒಳಗೆ ಬಂದು ಕೂತರು. ಇದ್ದ ಒಂದೇ ಲೋಟದಲ್ಲಿ ಅವರಿಗೆ ಟೀ ಕೊಟ್ಟು, ನಾನು ಚೊಂಬಿನಲ್ಲಿ ಕುಡಿದೆ. ಈ ಕೋಣೆಯಲ್ಲಿ ರೇಡಿಯೋ ಬಿಟ್ಟು ಬೇರೆ ದನಿ ಕೇಳಿದ್ದು ಇವತ್ತೇ ಮೊದಲು.

ಹೊನ್ನಾಳಿಗೆ ಹೋದಾಗ ಇನ್ನೊಂದು ಲೋಟ ತರಬೇಕು. ಆಮೇಲೆ ರೇಡಿಯೋ ಮಳೆ ಎಂದರೂ ಬೋರ್ಡಿನ ಮೇಲೆ ‘ನಾಳೆ ಒಣಹವೆ’ ಎಂದೇ ಬರೆಯುತ್ತೇನೆ.